ಅರಗಿನ ತಟ್ಟೆಗಳು ಮತ್ತು ಗಡಹಿಂಗ್ಲಜದ ಅಣ್ಣಾ

ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಹವ್ಯಾಸವೆಂಬ ಮಾತಿಗೆ ಮೊದಲಿನಿಂದಲೂ ಅಷ್ಟಾಗಿ ಮರ್ಯಾದೆಯಿಲ್ಲ. ಅಂಗಡಿ, ಬಸದಿ, ಬೀಗರು ನೆಂಟರು, ಮಕ್ಕಳ ಮದುವೆ ಇವುಗಳ ನಡುವೆ ಉಳಿಯುವ ವೇಳೆಯಾದರೂ ಎಷ್ಟು? ಆದರೂ ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳ ಪೇಟೆಯಲ್ಲಿ ಗಾದಿಯ ಮೇಲೆ ಕುಳಿತು ಕೀರ್ದಿ ಬರೆಯುವ ನಾವು ಕೆಲವರು ಗ್ರಾಮಫೋನ್ ತಟ್ಟೆಗಳ ಹುಚ್ಚು ಹಿಡಿಸಿಕೊಂಡಿದ್ದೆವು. ಮನೆಯವರು ಇದಕ್ಕೆ 'ಫೋನೋದ ಚಟ' ಎನ್ನುತ್ತಿದ್ದರು. ತಂಬಾಕು, ಇಸ್ಪೀಟು ಯಾವುದೂ ಇಲ್ಲದ ಗಂಡಸರಿಗೆ ಇದೊಂದಾದರೂ ಇರಲಿ ಎಂದು ಹಿರಿಯರು ಬಿಟ್ಟಿರಬೇಕು.

ನಮ್ಮಲ್ಲಿ ಒಬ್ಬರದು ಕೊಲ್ಲಾಪುರದ ಮಹಾದ್ವಾರ ರಸ್ತೆಯ ಹತ್ತಿರ ಅರಿವೆ ಅಂಗಡಿ. ಇನ್ನೊಬ್ಬರದು ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರ. ಮೂರನೆಯವರು ಗಡಹಿಂಗ್ಲಜದಲ್ಲಿ ಬೆಲ್ಲದ ಅಡತಿ ಅಂಗಡಿ ನಡೆಸಿದವರು. ಅವರನ್ನು ಪೇಟೆಯೆಲ್ಲ ಅಣ್ಣಾ ಎಂದೇ ಕರೆಯುತ್ತಿತ್ತು. ಇಲ್ಲಿಯೂ ಹಾಗೆಯೇ ಕರೆಯುತ್ತೇವೆ. ಅಣ್ಣಾ ಈಗಿಲ್ಲ. ಅವರ ಬಗ್ಗೆ ಬರೆಯಬೇಕೆಂದು ಕುಳಿತರೆ ತಟ್ಟೆಗಳ ಬಗ್ಗೆ ಬರೆಯದೆ ಗತ್ಯಂತರವಿಲ್ಲ.

ಕೊಲ್ಲಾಪುರ ಸೀಮೆಗೆ ಸಂಗೀತ ಹೊಸದಲ್ಲ. ಶಾಹು ಮಹಾರಾಜರ ಆಶ್ರಯದಲ್ಲಿ ಉಸ್ತಾದ್ ಅಲ್ಲಾದಿಯಾ ಖಾನರು (1855–1946) ಇಲ್ಲಿ ನೆಲೆನಿಂತರು. ಗಾಯನ ಸಮಾಜ ದೇವಲ್ ಕ್ಲಬ್ ಹುಟ್ಟಿದ್ದು 1883ರಲ್ಲಿ. ನಾಟಕದ ಹಾಡಿಗೆ ಹೆಸರಾದ ಕೇಶವರಾವ್ ಭೋಸಲೆಯವರು ಇದೇ ಊರಿನವರು. ಅವರ ಹೆಸರಿನ ರಂಗಮಂದಿರ 2024ರ ಆಗಸ್ಟ್‌ನಲ್ಲಿ ಬೆಂಕಿಗೆ ತುತ್ತಾದಾಗ ನಮ್ಮ ಅರಿವೆ ಅಂಗಡಿಯ ಗೆಳೆಯರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇಚಲಕರಂಜಿಯೆಂದರೆ ಈಗ ಮಗ್ಗದ ಊರು. ಆದರೆ ಖ್ಯಾಲ ಗಾಯನವನ್ನು ಈ ಕಡೆಗೆ ತಂದ ಬಾಲಕೃಷ್ಣಬುವಾ (1849–1926) ತಮ್ಮ ಹೆಸರಿನ ಜೊತೆ ಹೊತ್ತು ತಿರುಗಿದ್ದು ಇದೇ ಊರಿನ ಹೆಸರನ್ನು. ವಿಷ್ಣು ದಿಗಂಬರ ಪಲುಸ್ಕರರು ಮಿರಜಿನಲ್ಲಿ ಅವರ ಹತ್ತಿರವೇ ಕಲಿತರು. ಇನ್ನು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನರಲ್ಲಿ. ಗಡಿರೇಖೆ ನಕಾಶೆಯಲ್ಲಿ ಇರಬಹುದು, ರಾಗಕ್ಕೆ ಅದು ಯಾವ ಕಾಲಕ್ಕೂ ಗೊತ್ತಾಗಿಲ್ಲ.

ಇಷ್ಟೆಲ್ಲ ಇದ್ದೂ ಒಂದು ಕೊರಗು. ಅಲ್ಲಾದಿಯಾ ಖಾನರು ಗ್ರಾಮಫೋನಿಗೆ ಹಾಡಲಿಲ್ಲ. ಕಂಪನಿಗಳು ಊರೂರು ತಿರುಗಿ ಗವಾಯಿಗಳನ್ನು ಹುಡುಕುತ್ತಿದ್ದ ಕಾಲವದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದರು. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಹಾಡಿದರು. 1932ರಲ್ಲಿ ಮುಂಬಯಿಗೆ ಹೋಗಿ ನಮ್ಮ ಗಂಗೂಬಾಯಿ ಹಾನಗಲ್ಲರು 'ಗಾಂಧಾರಿ' ಎಂಬ ಹೆಸರಿನಲ್ಲಿ ಎಚ್.ಎಂ.ವಿ.ಗೆ ಹಾಡಿ ಬಂದರು. ಆದರೆ ಖಾನಸಾಹೇಬರ ಕಂಠ ಯಾವ ತಟ್ಟೆಯಲ್ಲಿಯೂ ಉಳಿಯಲಿಲ್ಲ. ಅಣ್ಣಾ ತಮ್ಮ ಕಪಾಟಿನ ಮೊದಲ ಖಣದಲ್ಲಿ ಒಂದು ಖಾಲಿ ಕಂದು ಲಕೋಟೆ ಇಟ್ಟು ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಅಲ್ಲಾದಿಯಾ ಖಾನ್' ಎಂದು ಬರೆದಿದ್ದರು. ಹೊಸಬರು ಬಂದು ಆಸೆಯಿಂದ ಲಕೋಟೆ ಎಳೆದರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಅಣ್ಣಾ ನಗುತ್ತಿರಲಿಲ್ಲ. "ನನ್ನ ಹತ್ರ ಇರೋ ಭಾರೀ ರೆಕಾರ್ಡ್ ಅದs" ಎಂದು ಗಂಭೀರವಾಗಿಯೇ ಹೇಳುತ್ತಿದ್ದರು.

ಅದರ ಪಕ್ಕದ ಲಕೋಟೆ ಕೇಸರಬಾಯಿ ಕೇರಕರರದು. ಖಾನಸಾಹೇಬರ ಈ ಶಿಷ್ಯೆ ಭೈರವಿಯಲ್ಲಿ ಹಾಡಿದ ಮೂರೂವರೆ ನಿಮಿಷದ 'ಜಾತ ಕಹಾಂ ಹೋ' 1977ರಲ್ಲಿ ಅಮೆರಿಕದ ಎರಡು ವಾಯೇಜರ್ ನೌಕೆಗಳನ್ನು ಏರಿ ಆಕಾಶಕ್ಕೆ ಹೋದ ಸಂಗತಿ ವಾಚಕರಲ್ಲಿ ಅನೇಕರಿಗೆ ಗೊತ್ತಿದೆ. ಚಿನ್ನದ ಲೇಪ ಕೊಟ್ಟ 12 ಅಂಗುಲದ ತಾಮ್ರದ ತಟ್ಟೆಯದು. ನಿಮಿಷಕ್ಕೆ ಹದಿನಾರೂ ಎರಡು ಮೂರಾಂಶ ಸುತ್ತು ತಿರುಗಬೇಕು. ತಟ್ಟೆಯ ಜೊತೆ ಅದನ್ನು ನುಡಿಸುವ ಸೂಜಿಯನ್ನೂ ಇಟ್ಟು, ಹೇಗೆ ನುಡಿಸಬೇಕೆಂದು ಮೇಲ್ಹೊದಿಕೆಯ ಮೇಲೆ ಚಿತ್ರ ಕೊರೆದಿದ್ದಾರೆ. ಎರಡನೆಯ ನೌಕೆ ಹಾರಿದ್ದು ಸೆಪ್ಟೆಂಬರ್ 5ಕ್ಕೆ. ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ಕ್ಕೆ. ಈ ಕಥೆ ಹೇಳಿದಾಗಲೆಲ್ಲ ಅಣ್ಣಾನ ಪ್ರಶ್ನೆ ಒಂದೇ: "ಸೂಜಿ ಕೊಟ್ಟಾರ, ಛಲೋ ಆತು. ಅಲ್ಲಿ ವೋಲ್ಟೇಜ್ ಎಷ್ಟ ಐತಿ?"

ವೋಲ್ಟೇಜಿನ ಚಿಂತೆ ಸುಮ್ಮನೆ ಬಂದದ್ದಲ್ಲ. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುನ್ಮಗ್ಗ ಹಾಕಿದರು. ಆಮೇಲೆ ಊರಿಗೆ ಊರೇ ಮಗ್ಗವಾಯಿತು. ನಮ್ಮ ನೂಲಿನ ಗೆಳೆಯರ ಮನೆಯ ಮೂರು ದಿಕ್ಕಿಗೂ ಮಗ್ಗದ ಶೆಡ್ಡುಗಳು. ಲಾಳಿಯ ಹೊಡೆತ ನೆಲದೊಳಗಿನಿಂದ ಬಂದು ಮೇಜು ಹತ್ತಿ ಸೂಜಿಗೆ ಮುಟ್ಟುತ್ತಿತ್ತು. ಬಾಲಗಂಧರ್ವರು ಹಾಡುತ್ತಿದ್ದರೆ ಹಿಂದೆ ನೂರು ಮಗ್ಗ ತಾಳ ಹಾಕುತ್ತಿದ್ದವು, ಅದೂ ತಪ್ಪು ತಾಳ. ಮಗ್ಗದ ಸದ್ದು ನಿಲ್ಲಬೇಕೆಂದರೆ ಕರೆಂಟು ಹೋಗಬೇಕು. ಕರೆಂಟು ಹೋದರೆ ಟರ್ನ್‌ಟೇಬಲೂ ನಿಲ್ಲುತ್ತದೆ! ಕೊನೆಗೆ ಅವರು ತಾತನ ಕಾಲದ ಚಾವಿ ಕೊಡುವ ಫೋನೋವನ್ನು ಅಟ್ಟದಿಂದ ಇಳಿಸಿದರು. ಸ್ಪ್ರಿಂಗಿನ ಯಂತ್ರ, ಅಭ್ರಕದ ಪರದೆಯ ಸೌಂಡ್ ಬಾಕ್ಸು. ಕರೆಂಟು ಹೋದ ತಕ್ಷಣ ಇಡೀ ಓಣಿ ಸ್ತಬ್ಧ. ಆಗ ಇವರು ಚಾವಿ ತಿರುವಿ ತಟ್ಟೆ ಹಾಕುವರು. ಊರೆಲ್ಲ ವಿದ್ಯುತ್ ಕಚೇರಿಯನ್ನು ಬೈಯುವಾಗ ಇವರೊಬ್ಬರೇ ಹರಸುತ್ತಿದ್ದರು.

ಮುಂದೆ ದುಬೈ ನೆಂಟರ ಕೈಯಲ್ಲಿ ಅವರಿಗೆ ಜಪಾನಿನ ಟೆಕ್ನಿಕ್ಸ್ ಬಂತು. ಅದರಲ್ಲಿ ಬೆಲ್ಟೂ ಇಲ್ಲ, ಚಕ್ರವೂ ಇಲ್ಲ. ಮೋಟಾರಿನ ಮೇಲೆಯೇ ತಟ್ಟೆ ಕೂಡುತ್ತದೆ. ಸ್ಫಟಿಕದ ನಿಯಂತ್ರಣ ಇರುವುದರಿಂದ ವೋಲ್ಟೇಜು ಇಳಿದರೂ ವೇಗ ಇಳಿಯುವುದಿಲ್ಲ. ಕೊಲ್ಲಾಪುರದ ಗೆಳೆಯರದು ಸೂಟ್‌ಕೇಸಿನಂಥ ಎಚ್.ಎಂ.ವಿ. ಫಿಯೆಸ್ಟಾ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ, ನಮ್ಮ ಕಾಲದ ಮಧ್ಯಮ ವರ್ಗದ ಮನೆಗಳಲ್ಲಿ ಅದನ್ನು ನೋಡದವರು ಕಡಿಮೆ.

ಅಣ್ಣಾನ ಯಂತ್ರದ ಮಾತೇ ಬೇರೆ. ಅದು ಇಂಗ್ಲೆಂಡಿನ ಸ್ವಿಂಡನ್ ಊರಲ್ಲಿ ತಯಾರಾದ ಗ್ಯಾರಾರ್ಡ್ 301. 1950ರ ದಶಕದಲ್ಲಿ ಪೇಟೆಗೆ ಬಂದ ಮಾದರಿ. ರೇಡಿಯೋ ಕೇಂದ್ರಗಳಿಗೆ ಸಾಲುವಷ್ಟು ಗಟ್ಟಿ. ಎರಕದ ಅಲ್ಯುಮಿನಿಯಂ ಮೈ, ಭಾರದ ಮೋಟಾರು, ಮೋಟಾರಿಗೂ ತಟ್ಟೆಗೂ ನಡುವೆ ಒಂದು ರಬ್ಬರಿನ ಚಕ್ರ. ಒಂದು ಟಾಕೀಸು ಮುಚ್ಚಿದಾಗ ಅದರ ಸಾಮಾನಿನಲ್ಲಿ ಅಣ್ಣಾನ ಕೈ ಸೇರಿತು. ಬಂದಾಗ ರಬ್ಬರಿನ ಚಕ್ರ ಒಣಗಿ ಸೀಳಿತ್ತು. ವಿಲಾಯತಿಯಿಂದ ತರಿಸಲು ಆರು ತಿಂಗಳು ಎಂದರು ಯಾರೋ. ಅಣ್ಣಾ ಚಕ್ರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಇಚಲಕರಂಜಿಗೆ ಬಂದರು. ಮಗ್ಗದ ರೋಲರುಗಳಿಗೆ ರಬ್ಬರು ಹಾಕುವವರ ಹತ್ತಿರ ಮೂರು ಸಲ ಮಾಡಿಸಿ ಮೂರನೆಯದನ್ನು ಒಪ್ಪಿದರು. ಬೇರಿಂಗಿನ ಬುಶ್ಶನ್ನು ಕೊಲ್ಲಾಪುರದ ಉದ್ಯಮನಗರದಲ್ಲಿ ಕಡೆಸಿದರು. ಫೌಂಡ್ರಿಗಳ ಊರಲ್ಲಿ ಇಂಥ ಕೆಲಸಕ್ಕೆ ಕೈ ಇದ್ದವರು ಯಾವಾಗಲೂ ಸಿಗುತ್ತಾರೆ. ಬಾಬುರಾವ್ ಪೇಂಟರರು ಸಿನಿಮಾ ಕ್ಯಾಮರಾವನ್ನೇ ಸ್ವತಃ ಕಟ್ಟಿದ್ದು ಇದೇ ಊರಲ್ಲಲ್ಲವೇ!

ಯಂತ್ರಕ್ಕೆ ಪೀಠ ಬೇಕಲ್ಲ. ಯಾರದೋ ಹಳೆಯ ವಾಡೆ ಕೆಡವಿದಾಗ ಸಿಕ್ಕ ತೇಗದ ತೊಲೆಯಿಂದ ಪೀಠ ಕಡೆಸಿದರು. ಅದು ಅಲುಗಬಾರದೆಂದು ನಾಲ್ಕು ಮೂಲೆಗೆ ಮೆಟ್ರಿಕ್ ಮಾಪನ ಬಂದ ಮೇಲೆ ಅಡತಿಯಲ್ಲಿ ನಿರುಪಯೋಗಿಯಾಗಿ ಬಿದ್ದಿದ್ದ ಸೇರಿನ ಕಬ್ಬಿಣದ ತೂಕಗಳನ್ನು ಹೇರಿದರು. ವೇಗ ಸರಿಯಿದೆಯೋ ಇಲ್ಲವೋ ನೋಡಲು ಒಂದು ಗೆರೆಗಳ ಚಕ್ರ ಇಟ್ಟಿದ್ದರು. ಟ್ಯೂಬ್‌ಲೈಟು ನಮ್ಮ ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ 180 ಗೆರೆಗಳ ಚಕ್ರ ನಿಂತಂತೆ ಕಂಡರೆ ತಟ್ಟೆ ನಿಮಿಷಕ್ಕೆ ಸರಿಯಾಗಿ ಮೂವತ್ಮೂರೂ ಒಂದು ಮೂರಾಂಶ ಸುತ್ತು ತಿರುಗುತ್ತಿದೆ ಎಂದರ್ಥ. 77 ಗೆರೆಗಳದ್ದು ನಿಂತರೆ 78ರ ಹತ್ತಿರ. ಗೆರೆಗಳು ಹಿಂದಕ್ಕೆ ಸರಿದರೆ ಅಣ್ಣಾನ ಮುಖ ಸಣ್ಣದಾಗುತ್ತಿತ್ತು. ಬೆಲ್ಲದ ಭಾವ ಇಳಿದ ದಿನವೂ ನಾವು ಆ ಮುಖ ಕಂಡಿಲ್ಲ.

ಅವರ ಬಾಕಿ ವಿಚಿತ್ರಗಳನ್ನೂ ಹೇಳಬೇಕು. ಚಾವಿ ಫೋನೋಗೆ ಉಕ್ಕಿನ ಪಿನ್ನನ್ನು ಪ್ರತಿ ಮಗ್ಗುಲಿಗೊಮ್ಮೆ ಬದಲಿಸಬೇಕು. ಇಲ್ಲದಿದ್ದರೆ ಸವೆದ ಪಿನ್ನು ತಟ್ಟೆಯನ್ನು ತಿನ್ನುತ್ತದೆ. ಪಿನ್ನು ಸಿಗದಂತಾದಾಗ ಅಣ್ಣಾ ಜಾಲಿಯ ಮುಳ್ಳು ಕಡಿದು, ಒಣಗಿಸಿ, ಚೂಪು ಮಾಡಿ ಹಾಕಿದರು. ದನಿ ಸ್ವಲ್ಪ ಮೆತ್ತಗಾಯಿತು, ಆದರೆ ಹಾಡಿತು. ತಟ್ಟೆ ತೊಳೆಯಲು ಅಂಟುವಾಳದ ನೀರು. ಆ ನೀರನ್ನು ದಪ್ಪ ಬಟ್ಟೆಯಲ್ಲಿ ಎರಡು ಸಲ ಸೋಸಿ, ಕುದಿಸಿ, ಆರಿಸಿಯೇ ಮುಟ್ಟುವರು. ಮನೆಯಲ್ಲಿ ಕುಡಿಯುವ ನೀರಿಗಿದ್ದ ನೇಮವನ್ನು ಅವರು ತಟ್ಟೆಗೂ ವಿಸ್ತರಿಸಿದ್ದರು ಅಷ್ಟೆ. ಆದರೆ ನೀರಿನಲ್ಲಿಯ ಸಣ್ಣ ಮರಳು ಗೀರಿಗೆ ಸೇರದಂತೆ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಚಾತುರ್ಮಾಸದಲ್ಲಿ ರಾತ್ರಿ ಸಂಗೀತ ಬಂದ್. ಅವರ ಆಂಪ್ಲಿಫೈಯರು ವಾಲ್ವಿನದು. ವಾಲ್ವು ಕೆಂಪಗೆ ಉರಿಯುತ್ತದೆ, ಮಳೆಗಾಲದ ಹುಳುಗಳು ಬಂದು ಬೀಳುತ್ತವೆ. ಒಮ್ಮೆ ಆಷಾಢದಲ್ಲಿ ನಾವಿಬ್ಬರು ಮಳೆಯಲ್ಲಿ ತೊಯ್ದು ಬಸ್ಸಿಳಿದು ಹೋದರೆ, ಹೊತ್ತು ಮುಳುಗಿದೆ ಎಂದು ಯಂತ್ರದ ಮೇಲೆ ಬಟ್ಟೆ ಹೊದಿಸಿ ಕುಳಿತಿದ್ದರು. ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ ಬಂದ ಮೇಲೆಯೇ ಮನಸೂರರ ಕಂಠ ಕೇಳಲು ಸಿಕ್ಕಿತು.

ಇವೆಲ್ಲ ನಕ್ಕು ಬಿಡುವಂಥವು. ನಗಲಾರದ್ದು ಒಂದಿತ್ತು.

ಹಳೆಯ 78ರ ತಟ್ಟೆ ಯಾವುದರಿಂದಾಗುತ್ತದೆ? ಅರಗಿನಿಂದ. ಮುತ್ತುಗ, ಬೋರೆ, ಕುಸುಮದ ಮರಗಳ ಟೊಂಗೆಗಳ ಮೇಲೆ ಅರಗಿನ ಹುಳುಗಳು ಸುರಿಸುವ ರಾಳವನ್ನು ಕೆರೆದು, ಕರಗಿಸಿ, ಅದಕ್ಕೆ ಕಲ್ಲಿನ ಪುಡಿ, ಕಪ್ಪು ಬಣ್ಣ ಬೆರೆಸಿ ತಟ್ಟೆ ಒತ್ತುತ್ತಾರೆ. ಜಗತ್ತಿನ ಗ್ರಾಮಫೋನ್ ಕಂಪನಿಗಳಿಗೆಲ್ಲ ಅರಗು ಹೋಗುತ್ತಿದ್ದದ್ದು ಮುಖ್ಯವಾಗಿ ನಮ್ಮ ದೇಶದಿಂದಲೇ. ಸಾವಿರಾರು ಹುಳುಗಳಿಲ್ಲದೆ ಒಂದು ಸೇರು ಅರಗಿಲ್ಲ. ಶ್ರಾವಕರಿಗೆ ನಿಷಿದ್ಧವೆಂದು ನಮ್ಮ ಆಚಾರಗ್ರಂಥಗಳು ಹೆಸರಿಸುವ ಹದಿನೈದು ವ್ಯಾಪಾರಗಳಲ್ಲಿ ಲಾಕ್ಷಾ ವಾಣಿಜ್ಯವೂ ಒಂದು. ದಂತ, ವಿಷ ಮುಂತಾದವುಗಳ ಸಾಲಿನಲ್ಲಿಯೇ ಅದು ಬರುತ್ತದೆ. ಅಣ್ಣಾಗೆ ಈ ಎರಡು ವಿಷಯಗಳನ್ನು ಯಾರೂ ಜೋಡಿಸಿ ಹೇಳಿರಲಿಲ್ಲ. ಸ್ವಾಧ್ಯಾಯದಲ್ಲಿ ಕುಳಿತಾಗ ಒಂದು ದಿನ ತಾವೇ ಜೋಡಿಸಿಕೊಂಡರು. ಅಂದಿನಿಂದ 78ರ ತಟ್ಟೆಯನ್ನು ದುಡ್ಡು ಕೊಟ್ಟು ಕೊಳ್ಳಲಿಲ್ಲ, ದುಡ್ಡು ತೆಗೆದುಕೊಂಡು ಕೊಡಲಿಲ್ಲ.

ನಾವು ಸುಮ್ಮನಿರಲಿಲ್ಲ. ಐವತ್ತು ವರ್ಷದ ಹಿಂದೆ ಒತ್ತಿದ ತಟ್ಟೆಯನ್ನು ಇಂದು ಕೊಂಡರೆ ಹೊಸದಾಗಿ ಯಾವ ಹುಳು ಸಾಯುತ್ತದೆ? ಹಳೆಯ ರೇಷ್ಮೆ ಸೀರೆಯನ್ನು ಮಗಳಿಗೆ ಕೊಡುವುದಿಲ್ಲವೇ? ಇಂಥ ವಾದಗಳನ್ನೆಲ್ಲ ಮಾಡಿದೆವು. ಅಣ್ಣಾ ಶಾಂತವಾಗಿ ಕೇಳಿ, "ಕೇಳೂದಕ್ಕ ನಾ ಬ್ಯಾಡ ಅಂದಿಲ್ಲ. ಅಂಗಡಿಯಾಗಿಂದು ಬ್ಯಾರೆ, ಮನ್ಯಾಗಿಂದು ಬ್ಯಾರೆ. ನಾವು ವ್ಯಾಪಾರಸ್ಥರು, ರೊಕ್ಕ ಮುಟ್ಟಿತಂದ್ರ ಅದು ವ್ಯಾಪಾರs" ಎಂದರು. ಕೊಟ್ಟವರಿಗೆ ಒಂದು ಬೆಲ್ಲದ ಪೆಂಟೆ ಕಳಿಸುತ್ತಿದ್ದರು. ಅದೂ ವಿನಿಮಯವೇ ಆಯಿತಲ್ಲ ಎಂದು ನೂಲಿನ ಗೆಳೆಯರು ಕೆಣಕಿದ ಮೇಲೆ ಬೆಲ್ಲವೂ ನಿಂತಿತು. ನಿಜ ಹೇಳಬೇಕೆಂದರೆ ಆ ಬೆಲ್ಲ ನಮಗೂ ಬರುತ್ತಿತ್ತು, ಆದ್ದರಿಂದ ಆ ವಾದದಲ್ಲಿ ಗೆದ್ದು ನಮಗೇ ನಷ್ಟ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಲಾಂಗ್ ಪ್ಲೇ ತಟ್ಟೆಯಲ್ಲಿ ಅರಗಿಲ್ಲ. ಅದು ವಿನೈಲ್ ಪ್ಲಾಸ್ಟಿಕ್. ಅವುಗಳನ್ನು ಅಣ್ಣಾ ಧಾರಾಳವಾಗಿ ಕೊಂಡರು, ಲಾಭ ಬಂದರೆ ಮಾರಿದರು. ಅದಕ್ಕೆ ಬೇರೆ ಖಾತೆ. 78ರದ್ದಕ್ಕೆ ಕೆಂಪು ಬಟ್ಟೆಯ ಒಂದು ಪುಸ್ತಕ: ಬಂದ ತಿಥಿ, ಕೊಟ್ಟವರ ಊರು, ಹಾಡಿದವರು, ತಟ್ಟೆಯ ನಂಬರು, ಹೋದ ತಿಥಿ. ಬಲಗಡೆ ರೂಪಾಯಿಯ ಕಾಲಮು ಇತ್ತು. ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಜನ ತಾವಾಗಿಯೇ ತಂದು ಕೊಡುತ್ತಿದ್ದರು. ನಿಪ್ಪಾಣಿಯಿಂದ, ಸಂಕೇಶ್ವರದಿಂದ, ಚಿಕ್ಕೋಡಿಯಿಂದ. ಬಿಜಾಪುರದ ಕಡೆಯ ಯಾರೋ ಒಬ್ಬರು ಅಮೀರಬಾಯಿ ಕರ್ನಾಟಕಿಯವರ ತಟ್ಟೆಗಳನ್ನು ಗೋಣಿಚೀಲದಲ್ಲಿ ತಂದು ಇಳಿಸಿ ಚಹಾ ಸಹ ಕುಡಿಯದೆ ಹೋದರು.

2019ರ ಆಗಸ್ಟ್‌ನಲ್ಲಿ ಪಂಚಗಂಗೆ, ಹಿರಣ್ಯಕೇಶಿ ಎರಡೂ ಉಕ್ಕಿದ್ದನ್ನು ನಮ್ಮ ಭಾಗದ ವಾಚಕರಿಗೆ ನೆನಪಿಸುವುದು ಬೇಡ. ಅಣ್ಣಾನ ವಖಾರಿಗೆ ನಡುರಾತ್ರಿ ನೀರು ಬಂತು. ಕೆಳಗಿನ ಕೋಣೆಯಲ್ಲಿ ಒಂದು ಕಡೆ ಬೆಲ್ಲದ ದಾಸ್ತಾನು, ಇನ್ನೊಂದು ಕಡೆ ತಟ್ಟೆಗಳ ಕಪಾಟು. ಇಬ್ಬರು ಮಕ್ಕಳು, ನಾಲ್ಕು ಹಮಾಲರು. ಹೊರುವ ಕೈ ಇಷ್ಟೇ. ಹಿರಿಯ ಮಗ ಕಪಾಟಿನ ಕಡೆ ಓಡಿದರೆ ಅಣ್ಣಾ ಮೆಟ್ಟಿಲ ಮೇಲಿಂದ ತಡೆದರಂತೆ. "ಬೆಲ್ಲ ಮಂದೀದು, ತಟ್ಟಿ ನಂದು. ಮೊದಲ ಮಂದೀದು ಎತ್ತರಿ." ಅಡತಿಯ ಮಾಲು ಮಾರಾಟವಾಗುವ ತನಕ ಬೆಳೆದವನದೇ. ಬೆಳಗಾಗುವಷ್ಟರಲ್ಲಿ ಬೆಲ್ಲ ಬಹುಪಾಲು ಮಾಳಿಗೆ ಸೇರಿತ್ತು. ಕಪಾಟಿನ ಕೆಳಗಿನ ಮೂರು ಖಣ ನೀರಿನಲ್ಲಿ ಮುಳುಗಿದ್ದವು. ಗ್ಯಾರಾರ್ಡ್ ಮೊದಲಿನಿಂದಲೂ ಮೇಲೆಯೇ ಇದ್ದುದರಿಂದ ಉಳಿಯಿತು.

ರಸ್ತೆ ತೆರೆದ ಮೇಲೆ ನಾವು ಹೋದೆವು. ಅರಗು ನೀರಿಗೆ ಬೇಗ ಕರಗುವುದಿಲ್ಲ, ತಟ್ಟೆಗಳು ತಟ್ಟೆಗಳಾಗಿಯೇ ಇದ್ದವು. ಆದರೆ ಲಕೋಟೆಗಳು ರಾಡಿಯಾಗಿದ್ದವು. ನಡುವಿನ ಕಾಗದದ ಲೇಬಲ್ಲುಗಳು ಕೊಳೆತು ಕಳಚಿದ್ದವು. ಕೈಯಲ್ಲಿ ಹಿಡಿದ ಕಪ್ಪು ತಟ್ಟೆ ಯಾರದ್ದು, ಯಾವ ರಾಗದ್ದು, ಹೇಳುವವರಿಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ ನಾಲ್ಕು ರವಿವಾರ ಸಾಲಾಗಿ ಕುಳಿತೆವು. ಸೋಸಿದ ನೀರಿನಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಒಂದೊಂದನ್ನೇ ಹಾಕಿ ಕೇಳಿದೆವು. ಲೇಬಲ್ಲಿನ ಹೊರಗೆ ಮಿರುಗುವ ಜಾಗದಲ್ಲಿ ಕಂಪನಿಯವರು ಒತ್ತಿದ ನಂಬರು ಕೆಲವಕ್ಕೆ ಉಳಿದಿತ್ತು. ಅದನ್ನು ಕೆಂಪು ಪುಸ್ತಕದ ಜೊತೆ ತಾಳೆ ನೋಡಿದೆವು. ಎಲ್ಲಕ್ಕಿಂತ ಸುಲಭವಾಗಿ ಗುರುತು ಸಿಕ್ಕಿದ್ದು ಎಲ್ಲಕ್ಕಿಂತ ಹಳೆಯ ತಟ್ಟೆಗಳದು. ಆ ಕಾಲದಲ್ಲಿ ಇಲ್ಲಿ ಮುದ್ರಿಸಿದ್ದನ್ನು ಜರ್ಮನಿಯ ಹ್ಯಾನೋವರಿಗೆ ಕಳಿಸಿ ತಟ್ಟೆ ಒತ್ತಿಸುತ್ತಿದ್ದರು. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿದು ಸರಿಯಾದ ಲೇಬಲ್ ಅಂಟಿಸಲೆಂದು ಗಾಯಕರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ನೂರು ವರ್ಷ ದಾಟಿದ ಮೇಲೆ ಗಡಹಿಂಗ್ಲಜದ ವಖಾರಿಯಲ್ಲಿ ಅದೇ ಕೂಗು ಅದೇ ಕೆಲಸಕ್ಕೆ ಬಂತು. ಪ್ರತಿ ಹೆಸರು ಕೇಳಿದಾಗ ಅಣ್ಣಾ "ಬಂದ್ರಿ ನೋಡ್ರಿ" ಎಂದು ಹೊಸ ಲಕೋಟೆಗೆ ಕೈ ಹಾಕುತ್ತಿದ್ದರು. ಹನ್ನೊಂದು ತಟ್ಟೆಗಳ ಗುರುತು ಕೊನೆಗೂ ಸಿಗಲಿಲ್ಲ.

ಎರಡು ವರ್ಷದ ನಂತರ ಅಣ್ಣಾ ತೀರಿಕೊಂಡರು. ಸುದ್ದಿ ತಿಳಿದು ಮುಂಬಯಿಯ ವ್ಯಾಪಾರಿಯೊಬ್ಬರು ಬಂದರು. ಗ್ಯಾರಾರ್ಡ್, ಎಲ್.ಪಿ.ಗಳು, 78ರ ತಟ್ಟೆಗಳು ಎಲ್ಲಕ್ಕೂ ಸೇರಿಸಿ ಒಂದು ಮೊತ್ತ ಹೇಳಿದರು. ಸಣ್ಣ ಮೊತ್ತವಲ್ಲ. ಮಹಾಪೂರ, ಅದರ ಹಿಂದೆ ಕೊರೋನಾ, ಎರಡರಲ್ಲಿಯೂ ಅಂಗಡಿ ಪೆಟ್ಟು ತಿಂದಿತ್ತು. ಕಿರಿಯ ಮಗನ ತಲೆಯ ಮೇಲೆ ಸಾಲವಿತ್ತು. ಅವನು ಮುಚ್ಚುಮರೆಯಿಲ್ಲದೆ ನಮ್ಮನ್ನು ಕೇಳಿದ: "ಕಾಕಾ, ಅಪ್ಪಾನ ನೇಮ ಅಪ್ಪಾಗ. ನಾ ಮಾರಿದ್ರ ತಪ್ಪೇನ?" ತಪ್ಪೆಂದು ಹೇಳುವ ಅಧಿಕಾರ ನಮಗಿರಲಿಲ್ಲ, ಹಾಗೆಯೇ ಹೇಳಿದೆವು. ಹಿರಿಯ ಮಗ ಏನೂ ಮಾತಾಡದೆ ಕೆಂಪು ಪುಸ್ತಕ ತಂದು ತಮ್ಮನ ಮುಂದೆ ಇಟ್ಟ. ಅವನು ಹಾಳೆ ತಿರುವುತ್ತ ಹೋದ. ಬಹಳ ಹೊತ್ತು ಬಲಗಡೆಯ ಖಾಲಿ ಕಾಲಮನ್ನೇ ನೋಡುತ್ತಿದ್ದ.

ಗ್ಯಾರಾರ್ಡನ್ನೂ ಎಲ್.ಪಿ.ಗಳನ್ನೂ ಮಾರಿದರು, ಆ ದುಡ್ಡಿನಿಂದ ಸಾಲದ ಒಂದು ಭಾಗ ತೀರಿತು, ಎಲ್ಲವೂ ಅಲ್ಲ. 78ರ ತಟ್ಟೆಗಳನ್ನು ಬಂದು ಕೇಳಿದವರಿಗೆ ಹಾಗೆಯೇ ಕೊಟ್ಟರು. ಸಂಗೀತ ಕಲಿಸುವ ಇಬ್ಬರಿಗೆ, ಕಾಲೇಜೊಂದರ ಗ್ರಂಥಾಲಯಕ್ಕೆ, ನಮಗೆ ಕೆಲವು. ಹೋದ ತಿಥಿಯನ್ನು ಕಿರಿಯ ಮಗ ತನ್ನ ಕೈಯಾರೆ ಬರೆದಿದ್ದಾನೆ. ಗುರುತು ಸಿಗದ ಹನ್ನೊಂದು ತಟ್ಟೆಗಳು ಇಚಲಕರಂಜಿಯಲ್ಲಿವೆ; ಕರೆಂಟು ಹೋದಾಗಲೊಮ್ಮೆ ಒಂದನ್ನು ಹಾಕಿ ಕೇಳುತ್ತೇವೆ. ಕಳೆದ ದೀಪಾವಳಿಗೆ ಅವುಗಳಲ್ಲಿ ಒಂದರ ಗುರುತು ಹತ್ತಿತು, ಈಗ ಹತ್ತು.

ವಾಚಕರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಇಂಥ ತಟ್ಟೆಗಳಿದ್ದರೆ ತೂಕಕ್ಕೆ ಹಾಕುವ ಮುಂಚೆ ಇಷ್ಟು ನೋಡಿರಿ. ಒಂದರ ಮೇಲೊಂದು ಮಲಗಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿರಿ. ಬಿಸಿಲು, ಪತ್ರಾಸಿನ ಕಾವು ತಾಗದಿರಲಿ. ಸ್ಪಿರಿಟು ಹಚ್ಚಿ ಒರೆಸಬೇಡಿರಿ. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಎಲ್.ಪಿ.ಯ ಸಣ್ಣ ಸೂಜಿಯನ್ನು 78ರ ಅಗಲ ಗೀರಿನಲ್ಲಿ ಓಡಿಸಬೇಡಿರಿ, ಅದಕ್ಕೆ ಬೇರೆಯೇ ಸೂಜಿ ಬೇಕು. ಲೇಬಲ್ಲು ಹೋಗಿದ್ದರೆ ಅದರ ಅಂಚಿನಲ್ಲಿ ಒತ್ತಿದ ನಂಬರನ್ನು ಬೆಳಕಿಗೆ ಓರೆ ಹಿಡಿದು ಓದಿ ಒಂದು ಚೀಟಿಯಲ್ಲಿ ಬರೆದಿಡಿರಿ, ಯಾರಿಂದ ಬಂತೆಂಬುದನ್ನೂ.